ಹೋಗಬಾರದ ತುದಿ

ಅಡುಗೆಗೆ ಉಪ್ಪು ಹೆಚ್ಚಾಯಿತು ಎಂದು ಬಾಯಿಬಿಟ್ಟು ಹೇಳುವವರನ್ನು ಯಾರೂ ಎರಡನೇ ಸಲ ಊಟಕ್ಕೆ ಕರೆಯುವುದಿಲ್ಲ. ಲೋಲಾಕ್ಷಿಗೆ ಸಿಕ್ಕಿದ್ದು ಅಂಥದ್ದನ್ನೇ ಹೇಳುವ ಕೆಲಸ, ಅದೂ ಸಂಬಳಕ್ಕೆ. ಬೆಳ್ಳಾರೆ ಪೇಟೆ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಮಹಾಬಲ ರೈಗಳ ದೋಟಿ ಫ್ಯಾಕ್ಟರಿಯಲ್ಲಿ ತಯಾರಾದ ಸಾಮಾನನ್ನು ಪರೀಕ್ಷೆ ಮಾಡುವವಳು ಅವಳು. ಆಗುವುದನ್ನು ಹಸಿರು ಟ್ರೇಗೆ, ಆಗದ್ದನ್ನು ಕೆಂಪು ಟ್ರೇಗೆ ಹಾಕುವುದು. ಒಂಬತ್ತು ವರ್ಷಗಳಲ್ಲಿ ಹಸಿರಿಗೆ ಹಾಕಿದ್ದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಕೆಂಪಿಗೆ ಹಾಕಿದ್ದಕ್ಕೆ ಮಾತ್ರ ಅವಳಿಗೊಂದು ಹೆಸರು ಬಂತು: 'ಆಪುಜಿ ಅಕ್ಕ'. ತುಳುವಿನಲ್ಲಿ ಆಪುಜಿ ಎಂದರೆ ಆಗುವುದಿಲ್ಲ ಎಂದು.

ದೋಟಿ ಎಂದರೆ ಹಿಂದೆ ಬಿದಿರಿನ ಗಳು, ತುದಿಗೊಂದು ಕತ್ತಿ. ಮಾವು ಹಲಸು ಕೊಯ್ಯಲು ಅಷ್ಟು ಸಾಕಿತ್ತು. ಅಡಿಕೆ ಮರ ಹತ್ತುವವರು ಸಿಗದ ಕಾಲ ಬಂದ ಮೇಲೆ, ನೆಲದಲ್ಲೇ ನಿಂತು ಗೊನೆ ಕೊಯ್ಯುವ ಕಾರ್ಬನ್ ಫೈಬರಿನ ದೋಟಿ ಬಂತು. ಒಂದರೊಳಗೊಂದು ಕೂರುವ ಕಪ್ಪು ಕೊಳವೆಗಳು; ಎಳೆದು ಉದ್ದ ಮಾಡಿದರೆ ಅಡಿಕೆ ಮರದ ತಲೆ ಮುಟ್ಟುತ್ತವೆ. ಕೊಳವೆಗಳು ರೈಗಳಿಗೆ ಹೊರಗಿನಿಂದ ಬರುತ್ತಿದ್ದವು. ಒಂದು ಕೊಳವೆಯನ್ನು ಇನ್ನೊಂದಕ್ಕೆ ಹಿಡಿದು ನಿಲ್ಲಿಸುವ ಅಲ್ಯೂಮಿನಿಯಂ ಬುಶ್ಶನ್ನು, ಅಂದರೆ ದಪ್ಪ ಬಳೆಯಂಥ ಒಂದು ತುಂಡನ್ನು, ಇಲ್ಲೇ ಲೇತಿನಲ್ಲಿ ಕಡೆಯುತ್ತಿದ್ದರು. ಆ ಬುಶ್ಶಿನ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಹಿಡಿತ ಸಡಿಲ. ಕೆಳಗೆ ನಿಂತವನು ಗೊನೆಗೆ ಕತ್ತಿ ಸಿಕ್ಕಿಸಿ ಜಗ್ಗಿದಾಗ ಮೇಲಿನ ತುಂಡು ಕಳಚಿ, ಕತ್ತಿಯ ಸಮೇತ ಅವನ ಮೇಲೆಯೇ ಬರುತ್ತದೆ.

ಹಾಗಾಗದಂತೆ ತಡೆಯಲು ಲೋಲಾಕ್ಷಿಯ ಹತ್ತಿರ ಇದ್ದದ್ದು ಒಂದು ಗೇಜು. ಗೇಣುದ್ದದ ಉಕ್ಕಿನ ಹಿಡಿ, ಎರಡೂ ಕಡೆ ದುಂಡನೆಯ ತುದಿ. ಒಂದು ತುದಿ ಬುಶ್ಶಿನ ತೂತಿನೊಳಗೆ ಹೋಗಬೇಕು. ಅದಕ್ಕಿಂತ ತುಸು ದಪ್ಪಗಿರುವ ಇನ್ನೊಂದು ತುದಿ ಹೋಗಬಾರದು. ಹೋಯಿತೋ, ತೂತು ದೊಡ್ಡದಾಗಿದೆ ಎಂದೇ ಅರ್ಥ. ಬುಶ್ ಕೆಂಪು ಟ್ರೇಗೆ. ವಿದ್ಯೆ ಇಷ್ಟೇ, ಮಕ್ಕಳೂ ಮಾಡಿಯಾರು. ಆದರೆ ಬೆಳಗಿನಿಂದ ಲೇತಿನ ಎದುರು ಬೆವರಿಳಿಸಿದ ಮನುಷ್ಯನ ಕಣ್ಣೆದುರಿಗೇ ಅವನ ಕೆಲಸವನ್ನು ಕೆಂಪು ಟ್ರೇಗೆ ಹಾಕುವುದು, ಹಾಕಿ ಮರುದಿನ ಮತ್ತೆ ಅವನ ಮುಖ ನೋಡುವುದು ಮಕ್ಕಳಿಂದ ಆಗುವಂಥದ್ದಲ್ಲ. ದೊಡ್ಡವರಲ್ಲೂ ಬಹಳ ಜನರಿಂದ ಆಗುವುದಿಲ್ಲ.

ಲೋಲಾಕ್ಷಿಗೆ ಒಂಟಿಯಾಗಿರುವುದು ಹೊಸತಾಗಿರಲಿಲ್ಲ. ಪುತ್ತೂರಿನಲ್ಲಿ ಐಟಿಐ ಕಲಿಯುವಾಗ ಫಿಟ್ಟರ್ ತರಗತಿಗೆಲ್ಲ ಅವಳೊಬ್ಬಳೇ ಹುಡುಗಿ. ಜಾಲ್ಸೂರಿನ ತವರಿನಲ್ಲಿ ಅಣ್ಣನ ಸಂಸಾರ ಬೆಳೆದ ಮೇಲೆ ಅಲ್ಲಿ ಅವಳು ನೆಂಟರ ಲೆಕ್ಕ. ಮದುವೆಯ ಮಾತು ಬಂದು ಬಂದು ನಿಂತಿತು. "ಅವಳು ಗಂಡಿಗೂ ಗೇಜು ಹಾಕಿ ನೋಡುವವಳು" ಎಂದು ಅತ್ತಿಗೆ ತಮಾಷೆ ಮಾಡಿದ್ದು ಊರಿಡೀ ಹಬ್ಬಿತು. ಈಗ ಬೆಳ್ಳಾರೆ ಪೇಟೆಯ ಹಿಂದೆ ಒಂದು ಬಾಡಿಗೆ ಕೋಣೆ. ಫ್ಯಾಕ್ಟರಿಯಲ್ಲಿ ಎಲ್ಲರದ್ದೂ ತುಳು. ಅವಳ ಮನೆಮಾತು ಸುಳ್ಯ ಕಡೆಯ ಅರೆಭಾಷೆ. ತುಳು ಅವಳಿಗೆ ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು, ಆದರೂ ಅರೆಭಾಷೆಯಲ್ಲಿ ಒಂದು ಮಾತಾಡಬೇಕಾದರೆ ಅಣ್ಣನ ಮನೆಗೆ ಫೋನು ಮಾಡಲು ಒಂದು ನೆಪ ಹುಡುಕಬೇಕಾಗಿತ್ತು.

ಮಧ್ಯಾಹ್ನ ಎಲ್ಲರೂ ಷೆಡ್ಡಿನ ಹಿಂದಿನ ಉದ್ದದ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಪ್ಯಾಕಿಂಗಿನ ಮನೋರಮಾಳ ಒಣ ಸಿಗಡಿ ಚಟ್ನಿ ಬೆಂಚಿನ ಆ ತುದಿಯಿಂದ ಈ ತುದಿಗೆ ದಾಟುತ್ತಿತ್ತು. ಲೋಲಾಕ್ಷಿ ತನ್ನ ಮೇಜಿನಲ್ಲೇ ಉಣ್ಣುತ್ತಿದ್ದಳು. ಯಾರೂ ಅವಳನ್ನು ಬರಬೇಡ ಎಂದವರಲ್ಲ, ಬನ್ನಿ ಎಂದವರೂ ಅಲ್ಲ. ಬೆಳಗ್ಗೆ ತಾನು ಮಾಡಿದ್ದನ್ನು ಆಗದು ಎಂದವಳ ಪಕ್ಕದಲ್ಲಿ ಕೂತು ಮಧ್ಯಾಹ್ನ ಅನ್ನ ಇಳಿಯುವುದು ಕಷ್ಟ, ಅದು ಅವಳಿಗೂ ಅರ್ಥವಾಗುತ್ತಿತ್ತು. ತಾನು ಸರಿ ಇದ್ದೇನೆ ಎಂಬ ಒಂದು ಧೈರ್ಯದಲ್ಲಿ ಅವಳು ಇಷ್ಟು ವರ್ಷ ತಳ್ಳಿದ್ದಳು. ಸುಳ್ಯದಿಂದ ಕಡಬದ ತನಕ ರೈಗಳ ದೋಟಿ ಎಂದರೆ ಜನ ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಆ ಹೆಸರಿನ ಒಂದು ಪಾಲು ತನ್ನದು ಎಂದು ಅವಳಿಗೆ ಗೊತ್ತಿತ್ತು. ಅನ್ನದ ಜೊತೆ ನಂಚಿಕೊಳ್ಳಲು ಅವಳಿಗಿದ್ದದ್ದು ಅದೊಂದೇ.

ಕೆಂಪು ಟ್ರೇಯಲ್ಲಿ ಹೆಚ್ಚು ಬೀಳುತ್ತಿದ್ದದ್ದು ಲೇತಿನ ಶೈಲೇಶನ ಬುಶ್ಶುಗಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು, ಸಿಟ್ಟು ಮೂಗಿನ ತುದಿಯಲ್ಲಿ. ಒಮ್ಮೆ ಅವಳು ಹಿಂದಕ್ಕೆ ಕೊಟ್ಟ ಬುಶ್ಶನ್ನು ಅವನು ಹಾಗೇ ಅಂಗಳಕ್ಕೆ ಎಸೆದದ್ದೂ ಉಂಟು. ಅವಳು ಹೋಗಿ ಹೆಕ್ಕಿ ತಂದು ಪುನಃ ಕೆಂಪು ಟ್ರೇಗೇ ಹಾಕಿದಳು.

ಅಂಥ ಶೈಲೇಶ ಈ ಸಲದ ಆಯುಧ ಪೂಜೆಗೆ ಒಂದು ಕೆಲಸ ಮಾಡಿದ.

ಪ್ರತಿ ವರ್ಷ ಆ ದಿನ ಮಿಷನ್ನುಗಳನ್ನೆಲ್ಲ ತೊಳೆದು, ಒರೆಸಿ, ಅವರವರು ನಡೆಸುವ ಮಿಷನ್ನಿಗೆ ಅವರವರೇ ಹೂವಿನ ಮಾಲೆ ಹಾಕುವುದು ಅಲ್ಲಿಯ ಪದ್ಧತಿ. ಸುತ್ತಿಗೆ, ಸ್ಪ್ಯಾನರು, ಗರಗಸಗಳನ್ನು ಬಾಳೆಲೆಯ ಮೇಲೆ ಇಟ್ಟು ಗಂಧ, ಕುಂಕುಮದ ಬೊಟ್ಟಿಡುತ್ತಿದ್ದರು. ಲೋಲಾಕ್ಷಿಗೆ ಮಿಷನ್ನಿಲ್ಲ. ಗೇಜು ಅವಳ ಡ್ರಾಯರಿನ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಅವಳು ಬಾಗಿಲ ಹತ್ತಿರ ಕೈಮುಗಿದು ನಿಂತು, ಅವಲಕ್ಕಿ ಪ್ರಸಾದ ತೆಗೆದುಕೊಂಡು, ಎಲ್ಲರಿಗಿಂತ ಮೊದಲು ಹೊರಡುತ್ತಿದ್ದಳು. ಈ ಸಲ ಒಳಗೆ ಬಂದು ನೋಡಿದರೆ ಬಾಳೆಲೆಯ ನಡುವೆ, ಸ್ಪ್ಯಾನರುಗಳ ಪಕ್ಕದಲ್ಲಿ, ಅವಳ ಗೇಜು ಮಲಗಿತ್ತು. ಮೇಲೊಂದು ದಾಸವಾಳ. ಎರಡೂ ತುದಿಗಳಿಗೆ ದಪ್ಪನೆಯ ಗಂಧದ ಬೊಟ್ಟು, ಅದರ ನಡುವೆ ಕುಂಕುಮ.

"ಎಲ್ಲದಕ್ಕೂ ಇಟ್ಟೆ ಅಕ್ಕ, ನಿಮ್ಮದಕ್ಕೂ ಇಟ್ಟೆ" ಎಂದ ಶೈಲೇಶ. "ಅದು ಕೂಡ ಆಯುಧವೇ ಅಲ್ವಾ? ನಮಗೆಲ್ಲ ನೀವು ಹೊಡೆಯುದು ಅದರಲ್ಲೇ ಅಲ್ವಾ?"

ಎಲ್ಲರೂ ನಕ್ಕರು. ಲೋಲಾಕ್ಷಿಯೂ ನಕ್ಕಳು. ನಗುತ್ತಾ ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆ ಕಣ್ಣಿಗೆ ಹೋಯಿತು ಎಂದಳು. ಊದುಬತ್ತಿ ಇದ್ದದ್ದು ಆಚೆ ಮೂಲೆಯಲ್ಲಿ.

ವಿಜಯದಶಮಿ ಕಳೆದು ಕೆಲಸ ಶುರುವಾದಾಗ ಗೇಜಿನ ಮೊದಲ ತುದಿ ಯಾವ ಬುಶ್ಶಿನೊಳಗೂ ಹೋಗಲೊಲ್ಲದು. ಗಂಧ ಒಣಗಿ ಗಟ್ಟಿಯಾಗಿತ್ತು. ಗೇಜನ್ನು ಪ್ರತಿ ಬೆಳಗ್ಗೆ ಸ್ಪಿರಿಟ್ ಬಟ್ಟೆಯಿಂದ ಒರೆಸಿಯೇ ಕೆಲಸಕ್ಕೆ ಹಿಡಿಯಬೇಕು ಎಂಬುದು ಅವಳೇ ಮಾಡಿಕೊಂಡ ನಿಯಮ. ಆ ಬೆಳಗ್ಗೆ ಅದನ್ನು ಮೀರಿದ್ದಳು. ಈಗ ಆ ತುದಿಯನ್ನು ತಿಕ್ಕಿ ಒರೆಸಿದಳು. ಬಟ್ಟೆ ಇನ್ನೊಂದು ತುದಿಗೆ ಬಂತು, ಅಲ್ಲಿ ನಿಂತಿತು. ಹಳದಿಯ ನಡುವೆ ಒಂದು ಚೂರು ಕೆಂಪು. ಒರೆಸಲು ಅವಳಿಗೆ ಮನಸ್ಸು ಬರಲಿಲ್ಲ. ಇದು ಹೋಗಬಾರದ ತುದಿ ತಾನೇ, ಹೇಗೂ ಹೋಗುವುದಿಲ್ಲ, ಇರಲಿ ಎಂದುಕೊಂಡಳು. ಇಷ್ಟು ವರ್ಷ ಬೇರೆಯವರ ನೆಪ ಕೇಳಿ ಕೇಳಿ ತಲೆಯಾಡಿಸಿದವಳು ತನ್ನ ನೆಪವನ್ನು ಮಾತ್ರ ಒಂದೇ ಸಲಕ್ಕೆ ಪಾಸು ಮಾಡಿದಳು.

ಆಮೇಲಿನ ದಿನಗಳು ಅವಳ ಪಾಲಿಗೆ ಒಳ್ಳೆಯ ದಿನಗಳು. ಅಡಿಕೆ ಕೊಯ್ಲು ಹತ್ತಿರ ಬಂದು ದೋಟಿಗೆ ಬೇಡಿಕೆಯ ಮೇಲೆ ಬೇಡಿಕೆ, ಶೈಲೇಶನ ಲೇತಿಗೆ ಬಿಡುವಿಲ್ಲ. ಆಶ್ಚರ್ಯವೆಂದರೆ ಕೆಂಪು ಟ್ರೇ ಬರಿದಾಗತೊಡಗಿತು. ಎರಡನೇ ತುದಿ ಯಾವ ಬುಶ್ಶಿನೊಳಗೂ ಹೋಗುತ್ತಿರಲಿಲ್ಲ. "ನಿನ್ನ ಕೈ ಈಗ ಕೂತಿತು ಶೈಲೇಶ" ಎಂದಳು ಅವಳು. ಅವನು ಕಿವಿಯವರೆಗೆ ನಕ್ಕ. ಅದೇ ದಿನ ಮನೋರಮಾ ಬೆಂಚಿನಿಂದ ಕೂಗಿದಳು: "ಲೋಲಾಕ್ಷಕ್ಕ, ಅಲ್ಲಿ ಒಬ್ಬರೇ ಎಂತ ಮಾಡುದು? ಇಲ್ಲಿಗೆ ಬನ್ನಿ ಮಾರಾಯ್ರೆ!"

ಅವಳು ಹೋದಳು. ಒಣ ಸಿಗಡಿ ಚಟ್ನಿ ಅವಳ ಅನ್ನಕ್ಕೂ ಬಂತು. ಅವಳ ಕೆಸುವಿನ ಪತ್ರೊಡೆ ಬೆಂಚಿನ ತುದಿಯವರೆಗೆ ಹೋಗಿ ಖಾಲಿ ಡಬ್ಬಿಯಾಗಿ ವಾಪಸು ಬಂತು. ಖಾಲಿ ಡಬ್ಬಿ ನೋಡಿ ಅಷ್ಟು ಸಂತೋಷಪಟ್ಟ ಹೆಂಗಸು ಬೆಳ್ಳಾರೆಯಲ್ಲಿ ಆ ದಿನ ಇನ್ನೊಬ್ಬಳಿರಲಿಲ್ಲ. ಮರುದಿನ ಅವಳು ಬೆಳಗ್ಗೆ ಬೇಗ ಎದ್ದು ಹೆಚ್ಚು ಮಾಡಿದಳು. ಅಕ್ಕ ಈಗ ಸುಧಾರಿಸಿದ್ದಾರೆ ಎಂದು ಹುಡುಗರು ಅವಳ ಎದುರೇ ಹೇಳತೊಡಗಿದರು, ಅವಳು ಅದಕ್ಕೂ ನಕ್ಕಳು. ಕೋಣೆಗೆ ಹೋದ ಮೇಲೂ ಬೆಂಚಿನ ಮಾತುಗಳನ್ನು ನೆನೆಸಿಕೊಂಡು ಒಬ್ಬಳೇ ನಗುವ ಅಭ್ಯಾಸ ಬಂತು. ಪ್ರತಿ ಬೆಳಗ್ಗೆ ಗೇಜಿನ ಒಂದೇ ತುದಿಯನ್ನು ಒರೆಸುತ್ತಿದ್ದಳು.

ದೀಪಾವಳಿ ಕಳೆದು ಕೊಯ್ಲು ಜೋರಾದಾಗ ಕೋಡಿಂಬಾಳದಿಂದ ರೈಗಳಿಗೆ ಫೋನು ಬಂತು. ತೋಟದಲ್ಲಿ ಗೊನೆ ಜಗ್ಗುವಾಗ ಹೊಸ ದೋಟಿಯ ಮೇಲಿನ ತುಂಡು ಕಳಚಿ ಬಿತ್ತು, ಕತ್ತಿ ಕೊಯ್ಲಿನವನ ಭುಜ ಸೀಳಿತು, ಪುತ್ತೂರಿನ ಆಸ್ಪತ್ರೆಗೆ ಕೊಂಡುಹೋಗಿ ಹೊಲಿಗೆ ಹಾಕಿಸಿ ಮನೆಗೆ ತಂದಿದ್ದಾರೆ. ರೈಗಳ ಮುಖ ಕಪ್ಪಿಟ್ಟಿತು. ಜೀಪು ತೆಗೆದರು. "ಲೋಲಾಕ್ಷಿ, ನೀವೂ ಬನ್ನಿ. ಸಾಮಾನು ನೋಡಿ ಎಂತ ಆದದ್ದು ಅಂತ ಹೇಳ್ಲಿಕ್ಕೆ ನಿಮ್ಮಷ್ಟು ಗೊತ್ತಿದ್ದವರು ಯಾರೂ ಇಲ್ಲ" ಎಂದರು. ಅವಳು ಗೇಜನ್ನು ಚೀಲಕ್ಕೆ ಹಾಕಿಕೊಂಡಳು.

ಗಾಯವಾದವನ ಹೆಸರು ಇಮ್ತಿಯಾಝ್, ತೋಟದಿಂದ ತೋಟಕ್ಕೆ ಕೊಯ್ಲಿಗೆ ಹೋಗುವವನು. ಚಾವಡಿಯ ಮಂಚದಲ್ಲಿ ಕೂತಿದ್ದ. ಎಡ ಭುಜದಿಂದ ಎದೆಯವರೆಗೆ ಬಿಳಿ ಪಟ್ಟಿ. ತಾಯಿ ಕದೀಜಮ್ಮ ಬೈಯಲೂ ಇಲ್ಲ, ಅಳಲೂ ಇಲ್ಲ. ಕುರ್ಚಿ ಎಳೆದುಕೊಟ್ಟು "ಕೂತ್ಕೊಳ್ಳಿ, ಚಾ ಮಾಡ್ತೇನೆ" ಎಂದಳು. ಆಮೇಲೆ ತನ್ನ ಕುತ್ತಿಗೆಯ ಮೇಲೆ ಬೆರಳಿಟ್ಟು ತೋರಿಸಿದಳು. "ಇಷ್ಟು ಈಚೆ ಬಿದ್ದಿದ್ದರೆ ನಾನು ಇವತ್ತು ಚಾ ಮಾಡ್ಲಿಕ್ಕಿರ್ಲಿಲ್ಲ."

ರೈಗಳು ತಲೆತಗ್ಗಿಸಿದರು. ಇಮ್ತಿಯಾಝನೇ ಅವರಿಗೆ ಸಮಾಧಾನ ಹೇಳುವವನಂತೆ ಮಾತಾಡಿದ. "ನಿಮ್ಮ ದೋಟಿಯೇ ಬೇಕು ಅಂತ ತೋಟದವರಿಗೆ ಹೇಳಿದ್ದು ನಾನೇ. ಬೆಳ್ಳಾರೆಯಲ್ಲಿ ಒಬ್ಬರು ಅಕ್ಕ ಇದ್ದಾರಂತೆ, ಅವರ ಕೈ ದಾಟಿ ಕೆಟ್ಟ ಸಾಮಾನು ಹೊರಗೆ ಬರುದಿಲ್ಲ ಅಂತ ಎಲ್ಲರೂ ಹೇಳುದು. ನನ್ನ ಗ್ರಹಚಾರ, ಎಂತ ಮಾಡುದು?"

ಆ ಅಕ್ಕ ಇವಳೇ ಎಂದು ಅವನಿಗೆ ತಿಳಿದಿರಲಿಲ್ಲ, ರೈಗಳಿಗೆ ಹೇಳಲು ಬಾಯಿ ಬರಲಿಲ್ಲ. ಲೋಲಾಕ್ಷಿ ಎದ್ದು ಅಂಗಳಕ್ಕೆ ಬಂದಳು. ಕಳಚಿದ ದೋಟಿಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಬುಶ್ಶಿನೊಳಗೆ ಕೊಳವೆ ಸೇರಿಸಿ ಅಲ್ಲಾಡಿಸಿದಳು; ಹಲ್ಲು ಸಡಿಲಾದ ಹಾಗೆ ಅಲ್ಲಾಡಿತು. ಗೇಜು ತೆಗೆದಳು. ಮೊದಲ ತುದಿ ಹೋಯಿತು. ಎರಡನೇ ತುದಿ ಹೋಗಲಿಲ್ಲ. ಗೇಜು ಸರಿ ಎನ್ನುತ್ತಿದೆ, ಕೈ ತಪ್ಪು ಎನ್ನುತ್ತಿದೆ. ಆಗ ಆ ತುದಿಯನ್ನು ಬಿಸಿಲಿಗೆ ಹಿಡಿದು ನೋಡಿದಳು.

ಬೊಟ್ಟು ಎಣ್ಣೆ, ಲೋಹದ ಪುಡಿ ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು. ಕುಂಕುಮದ ಗುರುತೂ ಉಳಿದಿರಲಿಲ್ಲ. ಉಗುರಿನಿಂದ ಕೆರೆದಳು, ಹಕ್ಕಳೆಯಂತೆ ಎದ್ದು ಬಂತು. ತುದಿಯನ್ನು ಬುಶ್ಶಿಗೆ ಇಟ್ಟಳು. ಹೋಗಬಾರದ ತುದಿ ತಡೆಯೇ ಇಲ್ಲದೆ ಒಳಗೆ ಹೋಯಿತು.

ಅಂದರೆ ಆಯುಧ ಪೂಜೆಯಿಂದ ಈಚೆ ತಾನು ಹಸಿರು ಟ್ರೇಗೆ ಹಾಕಿದ ಯಾವ ಬುಶ್ಶಿಗೂ ಪರೀಕ್ಷೆಯೇ ಆಗಿಲ್ಲ. ಶೈಲೇಶನ ಕೈ ಕೂತದ್ದಲ್ಲ. ಬೆಂಚಿನಲ್ಲಿ ತಾನು ಉಂಡದ್ದು ಈ ಮನೆಯ ಹುಡುಗನ ಭುಜದ ಲೆಕ್ಕಕ್ಕೆ. ಒಳಗಿನಿಂದ ಕದೀಜಮ್ಮ ಚಾ ಆಯಿತು ಎಂದು ಕರೆಯುತ್ತಿದ್ದಳು. ಲೋಲಾಕ್ಷಿ ಹೋಗಿ ಕುಡಿದಳು, ಅದರ ರುಚಿ ಅವಳಿಗೆ ತಿಳಿಯಲಿಲ್ಲ.

ಜೀಪು ಪಂಜ ದಾಟಿತು. ರೈಗಳು ಒಮ್ಮೆಲೇ ಮಾತು ಶುರು ಮಾಡಿದರು. "ನಮ್ಮದು ದೊಡ್ಡ ಕಂಪೆನಿ ಅಲ್ಲ ಮಾರಾಯ್ತಿ, ಟೀವಿಯಲ್ಲಿ ಜಾಹೀರಾತು ಕೊಡ್ಲಿಕ್ಕೆ. ಒಬ್ಬ ಇನ್ನೊಬ್ಬನಿಗೆ ಹೇಳಿ ಹೇಳಿ ಆದ ಹೆಸರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಹೇಳುದು ಇದಕ್ಕೇ. ಎಂತ ಕಂಡಿತು ನಿಮಗೆ?"

"ಬುಶ್ಶಿನ ತೂತು ದೊಡ್ಡದಾಗಿದೆ ಸರ್."

"ಹಾಗಾದರೆ ಲೇತಿನವನದ್ದೇ. ಗಡಿಬಿಡಿಯಲ್ಲಿ ಎಂತೆಂತದೋ ಕಡ್ದಿದ್ದಾನೆ, ನಿಮ್ಮ ಕಣ್ಣು ತಪ್ಪಿಸಿ ಪ್ಯಾಕಿಂಗಿಗೆ ಹಾಕಿದ್ದಾನೆ. ನಾಳೆಯಿಂದ ಅವ ಬೇಡ."

ಲೋಲಾಕ್ಷಿ ಚೀಲದ ಮೇಲಿಂದಲೇ ಗೇಜನ್ನು ಒತ್ತಿ ಹಿಡಿದಳು. ನಿಂತಿಕಲ್ಲು ಬಂತು, ಹೋಯಿತು. ಸುಮ್ಮನಿದ್ದರೆ ಸಾಕು, ಯಾರಿಗೂ ತಿಳಿಯುವುದಿಲ್ಲ. ಗಂಧದ ಹಕ್ಕಳೆ ಕೋಡಿಂಬಾಳದ ಅಂಗಳದಲ್ಲಿ ಮಣ್ಣಾಯಿತು. ಹೇಳಿದರೆ? ಎಲ್ಲರನ್ನೂ ದೂರ ಮಾಡಿಕೊಂಡು ಅವಳು ಸಂಪಾದಿಸಿದ್ದು ತನ್ನ ಕೈ ತಪ್ಪುವುದಿಲ್ಲ ಎಂಬ ಒಂದು ಮಾತನ್ನು. ಅದು ಹೋಗುತ್ತದೆ. ಬೊಟ್ಟಿಟ್ಟವನು ಶೈಲೇಶ ಎಂದು ಎಲ್ಲರಿಗೂ ಗೊತ್ತು, ಅವನ ಪ್ರೀತಿಯ ಕೆಲಸವೇ ಅವನ ತಲೆಗೆ ಬರುತ್ತದೆ. ಬೆಂಚೂ ಹೋಗುತ್ತದೆ. ಹೇಳದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅವನೊಬ್ಬನ ಅನ್ನ ಹೋಗುತ್ತದೆ. ಇನ್ನೂ ದೊಡ್ಡದೊಂದಿತ್ತು: ಇಂಥ ದೋಟಿಗಳು ಇನ್ನೆಷ್ಟೋ ತೋಟಗಳಲ್ಲಿ, ಇನ್ನೆಷ್ಟೋ ತಲೆಗಳ ಮೇಲೆ ನಿಂತಿದ್ದವು. ಇದು ನೆನಪಾದ ಮೇಲೆ ಅವಳಿಗೆ ಆರಿಸಿಕೊಳ್ಳಲು ಏನೂ ಉಳಿಯಲಿಲ್ಲ. ಆದರೂ ಆ ದಿನ ಅವಳಿಂದ ಹೇಳಲಾಗಲಿಲ್ಲ. ಅದಕ್ಕೆ ಅವಳನ್ನು ಬೈಯಬೇಕೆನಿಸಿದವರು ಬೈಯಬಹುದು.

ಬೆಳಗ್ಗೆ ರೈಗಳು ಎಲ್ಲರನ್ನೂ ಲೇತಿನ ಮುಂದೆ ನಿಲ್ಲಿಸಿದರು. ಆದದ್ದನ್ನು ಹೇಳಿದರು. ಶೈಲೇಶನ ಕಡೆ ತಿರುಗಿ "ನಿನ್ನ ಲೆಕ್ಕ ಮುಗಿಸ್ತೇನೆ, ಹೋಗು" ಎಂದರು.

ಶೈಲೇಶ ಸಿಟ್ಟಿಗೇಳುತ್ತಾನೆ ಎಂದು ಎಲ್ಲರೂ ಕಾದರು. ಅವನು ಎದ್ದದ್ದು ಬೇರೆ ರೀತಿ. "ಇಲ್ಲ ಸರ್, ಎಲ್ಲಾ ಅಕ್ಕ ನೋಡಿಯೇ ಹೋದದ್ದು. ಒಂದು ಕೂಡ ತಪ್ಪಿಸಿ ಹಾಕ್ಲಿಲ್ಲ. ನಾನು ತಪ್ಪಿಯೇನು, ಅಕ್ಕನ ಕೈ ತಪ್ಪುದಿಲ್ಲ. ಕೊಳವೆಯದ್ದೇ ತೊಂದರೆ ಇರ್ಬೇಕು."

ಅವಳನ್ನು ಬೈದಿದ್ದರೆ ಒಳ್ಳೆಯದಿತ್ತು.

"ಶೈಲೇಶ ಹೇಳಿದ್ದು ಸರಿ ಅಲ್ಲ ಸರ್" ಎಂದಳು ಲೋಲಾಕ್ಷಿ. "ತಪ್ಪಿದ್ದು ನನ್ನ ಕೈ." ಗೇಜನ್ನು ಮೇಜಿನ ಮೇಲಿಟ್ಟು, ಗಂಧ ಹೇಗೆ ಒಣಗಿ ತುದಿಯನ್ನು ದಪ್ಪ ಮಾಡಿತು, ದೊಡ್ಡ ತೂತಿನ ಬುಶ್ಶುಗಳೂ ಹೇಗೆ ಪಾಸಾದವು ಎಂದು ಹೇಳಿದಳು. ಪಾಠ ಹೇಳುವವಳಂತೆ ಹೇಳಿದಳು, ಹಾಗೆ ಹೇಳದಿದ್ದರೆ ಮುಗಿಸಲು ಆಗುತ್ತಿರಲಿಲ್ಲ. "ಬೊಟ್ಟು ಇಟ್ಟವರದ್ದು ತಪ್ಪಲ್ಲ. ಪೂಜೆಗೆ ಇಟ್ಟದ್ದು. ಒರೆಸ್ಬೇಕಾದದ್ದು ನಾನು."

ಶೈಲೇಶನ ಮುಖ ಬಿಳುಚಿಕೊಂಡಿತು. ರೈಗಳು ಗೇಜನ್ನು ಕೈಗೆತ್ತಿ ನೋಡಿದರು. ಒಳ್ಳೆಯ ಮನುಷ್ಯ, ಅವಳಿಗೆ ಒಂದು ದಾರಿ ಬಿಟ್ಟುಕೊಟ್ಟರು. "ಹಬ್ಬದ ಗಡಿಬಿಡಿ. ಮರೆತು ಹೋಯಿತು, ಅಲ್ವಾ? ಹಾಗೆ ಹೇಳಿ ಮಾರಾಯ್ತಿ."

"ಮರೆತದ್ದಲ್ಲ ಸರ್. ದಿನಾ ಬೆಳಗ್ಗೆ ನೋಡ್ತಿದ್ದೆ."

"ನೋಡಿಯೂ ಒರೆಸ್ಲಿಲ್ಲವಾ? ಯಾಕೆ?"

ಇದಕ್ಕೆ ಸುಳ್ಳು ಹೇಳಬಹುದಿತ್ತು. ಆದರೆ ಕಾರಣ ಸುಳ್ಳಾದರೆ ತಪ್ಪು ಮತ್ತೆ ಬರುತ್ತದೆ, ಅದನ್ನು ಅವಳೇ ಎಷ್ಟು ಸಲ ಎಷ್ಟು ಜನರಿಗೆ ಹೇಳಿದ್ದಳೋ.

"ಇಲ್ಲಿಗೆ ಬಂದ ಮೇಲೆ ನನ್ನದಕ್ಕೆ ಅಂತ ಯಾರೂ ಒಂದು ಹೂವು ಇಟ್ಟದ್ದಿಲ್ಲ ಸರ್. ಅದು ಒಂದೇ. ಒರೆಸಿದರೆ ಅದೂ ಹೋಗ್ತದೆ ಅಂತ ಕಂಡಿತು. ಒರೆಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಮನೋರಮಾ ನೆಲ ನೋಡಿದಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡುವುದನ್ನೂ ಬಿಟ್ಟರು. ಹಸಿವೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಅನ್ನ ಬಡಿಸಬಹುದು. ನಲವತ್ತು ದಾಟಿದ ಹೆಂಗಸು ಎಲ್ಲರೆದುರು ನಿಂತು ನಾನು ಒಂಟಿ ಎಂದರೆ, ಕೇಳಿದವರಿಗೆ ಕೈ ಎಲ್ಲಿಟ್ಟುಕೊಳ್ಳಬೇಕು ಎಂದೇ ತಿಳಿಯುವುದಿಲ್ಲ.

ಕೊನೆಗೆ ಬಾಯಿಬಿಟ್ಟದ್ದು ಶೈಲೇಶ. "ನನ್ನದೂ ತಪ್ಪುಂಟು ಸರ್. ಲೇತಿನ ಸ್ಕ್ರೂ ಸವೆದದ್ದು ನನಗೆ ಗೊತ್ತಿತ್ತು. ಬಿಚ್ಚಿದರೆ ಎರಡು ದಿವಸ ಕೆಲಸ ನಿಲ್ತದೆ. ತೂತು ಹೆಚ್ಚು ಕಮ್ಮಿ ಆದರೆ ಅಕ್ಕ ಹೇಗೂ ಹಿಡೀತಾರಲ್ಲ ಅಂತ ಬಿಟ್ಟೆ."

ರೈಗಳು ತಲೆಗೆ ಕೈ ಇಟ್ಟುಕೊಂಡು ಸ್ಟೂಲಿನಲ್ಲಿ ಕೂತರು. ತಾವೂ ಅದೇ ಧೈರ್ಯದಲ್ಲಿ ಬೇಡಿಕೆ ಹೆಚ್ಚು ಹೆಚ್ಚು ಒಪ್ಪಿಕೊಂಡದ್ದು ಅವರಿಗೆ ಆಗ ನೆನಪಾಗಿರಬೇಕು. ಇಡೀ ಫ್ಯಾಕ್ಟರಿ ಒಬ್ಬಳ ಕೈ ಮೇಲೆ ನಿಂತಿತ್ತು, ಆ ಕೈಯನ್ನು ಯಾರೂ ಹಿಡಿದು ನೋಡಿರಲಿಲ್ಲ. "ಯಾರೂ ಹೋಗುದು ಬೇಡ" ಎಂದರು. "ಮೊದಲು ಕೊಟ್ಟ ದೋಟಿ ಎಲ್ಲಾ ವಾಪಸು ತರುವ. ಫೋನು ಮಾಡಿ, ಕೊಯ್ಲು ನಿಲ್ಲಿಸ್ಲಿಕ್ಕೆ ಹೇಳಿ."

ಜೀಪು ಜಾಲ್ಸೂರಿಗೂ ಹೋಯಿತು, ಕಡಬಕ್ಕೂ ಹೋಯಿತು. ಕೊಯ್ಲಿನ ನಡುವೆ ದೋಟಿ ಕಿತ್ತುಕೊಂಡರೆ ಯಾರು ಸುಮ್ಮನಿರುತ್ತಾರೆ? ಬೈಗುಳ ಧಾರಾಳ ಸಿಕ್ಕಿತು. ಕೆಲವರು ಮಾತ್ರ, ಹೇಳಿದ್ದು ಒಳ್ಳೆಯದಾಯಿತು ಎಂದರು. ಲೇತು ಬಿಚ್ಚಿ ಸ್ಕ್ರೂ ಬದಲಾಯಿಸಿದರು. ಲೋಲಾಕ್ಷಿಯ ಮೇಜಿನ ಮೇಲೆ ವಾಪಸು ಬಂದ ಬುಶ್ಶುಗಳ ರಾಶಿ ಬಿತ್ತು.

ಇನ್ನೊಮ್ಮೆ ಹೀಗಾಗದ ಹಾಗೆ ಏನು ಮಾಡಬೇಕು ಎಂದು ರೈಗಳು ಎಲ್ಲರನ್ನೂ ಕೇಳಿದರು. ಗೇಜನ್ನು ಬೆಳಗ್ಗೆ ಅವಳ ಜೊತೆ ಇನ್ನೊಬ್ಬರೂ ನೋಡಬೇಕು ಎಂದರು ಒಬ್ಬರು. ಅದು ಸರಿ ಎಂದಾಯಿತು. ಮತ್ತೊಂದು ಏನು ಎಂದು ಎಲ್ಲರಿಗೂ ಗೊತ್ತಿತ್ತು, ಹೇಳಲು ಯಾರಿಗೂ ಬಾಯಿ ಬರಲಿಲ್ಲ.

"ಅಳತೆಯ ಸಾಮಾನನ್ನು ಪೂಜೆಗೆ ಇಡ್ಲಿಕ್ಕಿಲ್ಲ" ಎಂದಳು ಲೋಲಾಕ್ಷಿ. "ಹೂವು, ಬೊಟ್ಟು ಎಂತದೂ ಬೇಡ. ಪೆಟ್ಟಿಗೆಯಲ್ಲೇ ಇರ್ಲಿ."

"ಹಾಗಾದರೆ ನಿಮ್ಮದು ಅಂತ..." ಎಂದು ಶುರು ಮಾಡಿದ ಶೈಲೇಶ.

"ಬೇಡ ಶೈಲೇಶ" ಎಂದಳು.

ಆ ಮ‌ಧ್ಯಾಹ್ನ ಬೆಂಚಿನಿಂದ ಮನೋರಮಾ ಕರೆದಳು. "ಬನ್ನಿ ಅಕ್ಕ. ಇವತ್ತು ನಿಮಗೆ ಅಂತಲೇ ಅಕ್ಕಿ ಪುಂಡಿ ಬೇಯಿಸಿ ತಂದಿದ್ದೇನೆ." ದನಿಯಲ್ಲಿ ಕರುಣೆ ಇತ್ತು, ಪ್ರೀತಿಯೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅಳೆಯಲು ಲೋಲಾಕ್ಷಿ ಹೋಗಲಿಲ್ಲ. ಬೆಂಚಿನ ನಡುವೆ ಅವಳಿಗಾಗಿ ಜಾಗ ಬಿಟ್ಟು ಕೂತಿದ್ದರು. ಅವಳಿಗೆ ಅಲ್ಲಿ ಹೋಗಿ ಕೂರಬೇಕು ಎಂದು ಎಷ್ಟು ಆಸೆಯಾಯಿತೆಂದರೆ, ಅರ್ಧ ಎದ್ದೇಬಿಟ್ಟಿದ್ದಳು. ಎದ್ದವಳ ಕಣ್ಣು ಮೇಜಿನ ಮೇಲಿನ ರಾಶಿಗೆ ಬಿತ್ತು. ಅದರಲ್ಲಿ ಮುಕ್ಕಾಲು ಪಾಲು ಶೈಲೇಶ ಕಡೆದದ್ದು, ಊಟವಾದ ಮೇಲೆ ಅವನ ಎದುರೇ ನೋಡಬೇಕಾದದ್ದು. ಅವಳಿಗೆ ಬೆಂಚಿನವರ ಹೆದರಿಕೆ ಇರಲಿಲ್ಲ, ತನ್ನದೇ ಹೆದರಿಕೆ. ಒಂದು ಬೊಟ್ಟಿಗೆ ಅಷ್ಟು ಸೋತ ಕೈ, ಪುಂಡಿ ತಿಂದ ಮೇಲೆ ಸೋಲುವುದಿಲ್ಲ ಎಂದು ಯಾವ ಗೇಜು ಹೇಳೀತು?

"ನೀವು ಊಟ ಮಾಡಿ ಮನೋರಮಾ. ನನಗೆ ಇನ್ನೂ ಸುಮಾರು ನೋಡ್ಲಿಕ್ಕೆ ಉಂಟು" ಎಂದು ಕೂಗಿ ಹೇಳಿ ಕೂತಳು.

ಅವರು ಇನ್ನೊಂದು ಸಲ ಕರೆದರು. ಮತ್ತೆ ಬುತ್ತಿ ಬಿಚ್ಚುವ ಸದ್ದು ಕೇಳಿತು, ಸ್ವಲ್ಪ ಹೊತ್ತಿಗೆ ಯಾರದೋ ಮಾತಿಗೆ ನಗುವೂ ಕೇಳಿತು. ಲೋಲಾಕ್ಷಿ ಸ್ಪಿರಿಟ್ ಬಟ್ಟೆಯಿಂದ ಗೇಜಿನ ಎರಡೂ ತುದಿಗಳನ್ನು ಒರೆಸಿ ರಾಶಿಯಿಂದ ಒಂದು ಬುಶ್ ತೆಗೆದುಕೊಂಡಳು. ಹೋಗಬಾರದ ತುದಿ ಹೋಯಿತು. ಅದನ್ನು ಕೆಂಪು ಟ್ರೇಗೆ ಹಾಕಿ ಇನ್ನೊಂದು ತೆಗೆದುಕೊಂಡಳು. ಬೆನ್ನು ಬೆಂಚಿನ ಕಡೆಗಿತ್ತು, ಅಳುವುದು ಯಾರಿಗೂ ಕಾಣಿಸಲಿಲ್ಲ.